ನನ್ನ ಅರೆತಲೆನೋವು, ನನ್ನ ಖೋ ಖೋ ಹುಡುಗಿಯರು

ತಲೆನೋವು ಎಂದರೆ ಜನ ನಗುತ್ತಾರೆ. ಕಾಲು ಮುರಿದರೆ ಪಟ್ಟಿ ಕಾಣುತ್ತದೆ, ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು. ತಲೆನೋವಿಗೆ ಸಾಕ್ಷಿ ಎಲ್ಲಿಂದ ತರುವುದು? "ಎಲ್ರಿಗೂ ಬರತ್ತೆ ಮೇಡಂ, ಒಂದು ಕಾಫಿ ಕುಡೀರಿ" ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಸಾಲಾಗಿ ನಿಂತರೆ ಆ ಸಾಲು ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ಕಪಿಲೆಯ ಸ್ನಾನಘಟ್ಟದವರೆಗೆ ಹೋದೀತು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ನಾನು ಪಿ.ಟಿ. ಟೀಚರ್. ಸರ್ಕಾರಿ ಭಾಷೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಬೆಳಿಗ್ಗೆ ನರಸೀಪುರಕ್ಕೊಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ. ಬಿಸಿಲು, ವಿಷಲ್ಲು, ಮಕ್ಕಳ ಗದ್ದಲ, ಇವಿಲ್ಲದೆ ನನ್ನ ಕೆಲಸವಿಲ್ಲ. ಮೈಗ್ರೇನ್ ಎನ್ನುವ ಅರೆತಲೆನೋವಿಗೆ ಸುತರಾಂ ಆಗಿಬರದ್ದೂ ಇವೇ. ಬ್ರಹ್ಮ ನನ್ನ ಹಣೆಬರಹ ಬರೆಯುವಾಗ ತಮಾಷೆ ಮಾಡುವ ಮನಸ್ಸಿನಲ್ಲಿದ್ದ ಎಂದು ಕಾಣುತ್ತದೆ.

ನೋವು ಬರುವ ಮೊದಲು ಎಡಗಣ್ಣಿನ ಅಂಚಿನಲ್ಲಿ ಒಂದು ಬೆಳಕು ಕಾಣಿಸಿಕೊಳ್ಳುತ್ತದೆ, ಗರಗಸದ ಹಲ್ಲಿನ ಹಾಗೆ. ಅದು ಮೆಲ್ಲಗೆ ಅಗಲವಾಗುತ್ತ ಬರುತ್ತದೆ. ಎದುರಿಗಿರುವ ಹುಡುಗಿಯ ಅರ್ಧ ಮುಖ ಕಾಣದಂತಾಗುತ್ತದೆ. ಆಮೇಲೆ ಎಡಹುಬ್ಬಿನ ಹಿಂದೆ ಕುಟ್ಟುವುದು ಶುರು. ಬೆಳಕು ಬೇಡ, ಸದ್ದು ಬೇಡ. ಆಲೆಮನೆ ಪಾಕದ ವಾಸನೆ ಗಾಳಿಯಲ್ಲಿ ತೇಲಿ ಬಂದರಂತೂ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ. ಆಟದ ಸಾಮಾನು ಇಡುವ ಕತ್ತಲೆ ಕೋಣೆಯಲ್ಲಿ, ವಾಲಿಬಾಲ್ ನೆಟ್ಟನ್ನು ಸುತ್ತಿ ತಲೆದಿಂಬು ಮಾಡಿಕೊಂಡು ನಾನು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಆ ನೆಟ್ಟಿನ ಧೂಳಿನ ವಾಸನೆ ಇಂದಿಗೂ ನನಗಾಗದು.

ಮನೆಯಲ್ಲಿ ವೈದ್ಯಕ್ಕೆ ನನ್ನ ಅತ್ತೆ ಇದ್ದರು. ಅವರು ಹುಲ್ಲಹಳ್ಳಿ ಕಡೆಯ ಬೇಸಾಯದ ಮನೆಯವರು, ಸೋಲೊಪ್ಪುವ ಜಾತಿಯಲ್ಲ. ಒಣಶುಂಠಿ ತೇದು ಹಣೆಗೆ ಹಚ್ಚಿದರು. ಹಣೆ ಉರಿಯಿತು, ತಲೆನೋವು ಇದ್ದಲ್ಲೇ ಇತ್ತು. ಹೊತ್ತು ಹುಟ್ಟುವ ಮೊದಲು ಮೂಡಲಿಗೆ ಮುಖ ಮಾಡಿ ಕೂರಿಸಿ ಮೂಗಿಗೆ ತುಂಬೆಸೊಪ್ಪಿನ ರಸ ಬಿಟ್ಟರು. ಬೀದಿಯವರೆಲ್ಲ ಏಳುವ ಹಾಗೆ ಸೀನಿದ್ದೇ ಬಂತು. ದೃಷ್ಟಿ ತೆಗೆದರು. ಕೊನೆಗೆ, "ನಂಜುಂಡಪ್ಪಂಗೆ ಮುಡಿ ಕೊಟ್ಬುಡು ಮಗ, ಎಲ್ಲಾ ಸರಿಓಯ್ತದೆ" ಎಂದರು.

"ಅತ್ತೆ, ಈ ತಲೆನೇ ಬೇಡ ಅನ್ನಿಸ್ಬಿಟ್ಟಿದೆ, ಕೂದ್ಲು ಯಾವ ಲೆಕ್ಕ" ಎಂದೆ. ಮುಡಿ ಕೊಡಲಿಲ್ಲ ಎನ್ನುವುದು ಬೇರೆ ಮಾತು.

ಮೈಸೂರಿನ ನರರೋಗದ ಡಾಕ್ಟರರು ಸ್ಕ್ಯಾನ್ ಮಾಡಿಸಿ, ತಲೆಯೊಳಗೆ ಭಯಪಡುವಂಥದ್ದು ಏನೂ ಇಲ್ಲ ಎಂದು ಹೇಳಿ ದಿನಾ ನುಂಗುವ ಒಂದು ಮಾತ್ರೆ, ನೋವು ಬಂದಾಗ ನುಂಗುವ ಇನ್ನೊಂದು ಮಾತ್ರೆ ಬರೆದುಕೊಟ್ಟರು. ದಿನಾ ನುಂಗುವ ಮಾತ್ರೆ ತಲೆನೋವನ್ನು ತಗ್ಗಿಸಿತು, ಜೊತೆಗೆ ನನ್ನನ್ನೂ ತಗ್ಗಿಸಿತು. ಡ್ರಿಲ್ ಮಾಡಿಸುತ್ತ ನಿಂತಲ್ಲೇ ತೂಕಡಿಸಿದೆ. ಮಕ್ಕಳು "ಒಂದ್, ಎಲ್ಡ್, ಮೂರ್" ಎಂದು ತಾವೇ ಎಣಿಸಿಕೊಂಡು ಕೈಕಾಲು ಆಡಿಸಿ ಮುಗಿಸಿಬಿಟ್ಟಿದ್ದರು. ಡಾಕ್ಟರರೇ ಅದನ್ನು ನಿಲ್ಲಿಸಿದರು. ನೋವು ಬಂದಾಗ ನುಂಗುವ ಮಾತ್ರೆ ಮಾತ್ರ ಬ್ಯಾಗಿನಲ್ಲಿ ಉಳಿಯಿತು.

ಹೀಗಿದ್ದರೂ ನನಗೊಂದು ಹೆಮ್ಮೆ ಇತ್ತು, ನಮ್ಮ ಶಾಲೆಯ ಖೋ ಖೋ ತಂಡ. ನರಸೀಪುರದ ಕಡೆಯ ಹುಡುಗಿಯರಿಗೆ ಖೋ ಖೋ ಕಲಿಸಬೇಕಾಗಿಲ್ಲ, ತಡೆಯದಿದ್ದರೆ ಸಾಕು. ಗದ್ದೆಯ ಬದುವಿನ ಮೇಲೆ ಓಡಿ ಬೆಳೆದ ಕಾಲುಗಳು ಅವು. ಕಂಬದ ಹತ್ತಿರ ಗಿರಕ್ಕನೆ ತಿರುಗುವುದನ್ನು ನೋಡಿದರೆ ಮೂಳೆ ಇದೆಯೋ ಇಲ್ಲವೋ ಅನ್ನಿಸಬೇಕು. ಅದಕ್ಕಿಂತ ಹೆಚ್ಚಾಗಿ ನಾನು ಬೀಗುತ್ತಿದ್ದದ್ದು ಅವರ ಶಿಸ್ತಿಗೆ. ಬೇರೆ ಶಾಲೆಗಳ ಮೈದಾನದಲ್ಲಿ ಸಂತೆಯ ಗಲಾಟೆ, ನಮ್ಮ ಮೈದಾನದಲ್ಲಿ ಕಾಲಿನ ಸದ್ದು ಮಾತ್ರ. ಬಂದ ಅತಿಥಿಗಳೆಲ್ಲ "ಏನ್ ಡಿಸಿಪ್ಲಿನ್ ಮೇಡಂ!" ಎನ್ನುತ್ತಿದ್ದರು. ನಾನು ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಇದೆಲ್ಲ ಏನು ಮಹಾ ಎನ್ನುವ ಮುಖ ಮಾಡುತ್ತಿದ್ದೆ.

ಆ ವರ್ಷದ ತಾಲ್ಲೂಕು ಮಟ್ಟದ ಆಟ ನರಸೀಪುರದಲ್ಲಿ ನಡೆಯಿತು. ಹೋಬಳಿಯಲ್ಲಿ ಸುಲಭವಾಗಿ ಗೆದ್ದು ಬಂದಿದ್ದೆವು. ಅಲ್ಲಿ ಅಂಪೈರ್ ಅಷ್ಟು ಕಟ್ಟುನಿಟ್ಟಿನವರಾಗಿರಲಿಲ್ಲ. ಇಲ್ಲಿ ನಮ್ಮವರು ಅಟ್ಟಲು ಎದ್ದ ಕೂಡಲೇ ವಿಷಲ್. ಫೌಲ್. ಮತ್ತೆ ವಿಷಲ್. ಮತ್ತೆ ಫೌಲ್. ಫೌಲಾದಾಗಲೆಲ್ಲ ನಮ್ಮ ಹುಡುಗಿ ಹಿಂದಕ್ಕೆ ಹೋಗಬೇಕು, ಅಷ್ಟರಲ್ಲಿ ಎದುರಿನವರು ಪಾರು. ನನ್ನ ಪಿತ್ತ ನೆತ್ತಿಗೇರಿತು. ಬಿಡುವಿನಲ್ಲಿ ಸೀದಾ ಅಂಪೈರ್ ಹತ್ತಿರ ಹೋಗಿ, "ಏನ್ ಸಾರ್, ನಮ್ಮ ಮಕ್ಕಳ ಮೇಲೇ ಕಣ್ಣಾ ನಿಮಗೆ?" ಎಂದೆ.

ಅವರು ಜಗಳಕ್ಕೆ ಬರಲಿಲ್ಲ. "ಮೇಡಂ, ಬೆನ್ನು ಮುಟ್ಟಿ ಖೋ ಅಂತ ಕೂಗ್ಬೇಕು, ಅದು ರೂಲು. ಓಡೋರ್ಗೂ ಕೇಳಿಸ್ಬೇಕು, ನನಗೂ ಕೇಳಿಸ್ಬೇಕು. ನಿಮ್ಮ ಹುಡುಗೀರು ಮುಟ್ತಾರೆ, ತುಟಿ ಅಲ್ಲಾಡತ್ತೆ, ಸದ್ದೇ ಬರಲ್ಲ. ಪಕ್ಕದಲ್ಲೇ ಓಡ್ತಿದೀನಿ, ನನಗೇ ಕೇಳಿಸ್ತಿಲ್ಲ. ನಾನೇನು ಮಾಡ್ಲಿ?"

ಹುಡುಗಿಯರ ಕಡೆ ತಿರುಗಿದೆ. ನಮ್ಮ ಕ್ಯಾಪ್ಟನ್ ಆಗ ಒಂಬತ್ತನೇ ಕ್ಲಾಸು, ಕಡ್ಡಿಯಂಥ ಹುಡುಗಿ. "ಏನ್ರೇ, ಬಾಯಿಗೆ ಬೀಗ ಹಾಕ್ಕೊಂಡಿದೀರಾ? ಕೂಗೋಕೇನು ಬಂತು ರೋಗ?" ಎಂದು ಗದರಿದೆ.

ಅವಳು ನೆಲ ನೋಡಿದಳು. "ಬರ್ತಾ ಇಲ್ಲ ಮಿಸ್. ಅಭ್ಯಾಸ ಆಗೋಗದೆ."

"ಏನು ಅಭ್ಯಾಸ?"

"ಮೆಲ್ಲುಕ್ ಅನ್ನೋದು ಮಿಸ್. ಜೋರಾಗ್ ಅಂದ್ರೆ ನಿಮ್ಗೆ ತಲೆನೋವು ಬತ್ತದಲ್ಲ. ನೀವು ಉಬ್ಬು ಮುಟ್ಕೊಂಡೇಟ್ಗೆ ನಾವೆಲ್ಲಾ ಮೆಲ್ಲುಕ್ ಆಡ್ತಿದ್ವು. ಆಮೇಕ್ ಆಮೇಕ್ ದಿನಾನೂ ಅಂಗೇ ಆಡ್ಬುಟ್ವು."

ಉಳಿದವರೂ ತಲೆ ತಗ್ಗಿಸಿ ನಿಂತಿದ್ದರು. ಶಿಸ್ತು ಎಂದು ನಾನು ಊರೆಲ್ಲ ಸಾರಿಕೊಂಡು ಬಂದದ್ದು ಇದು. ನನ್ನ ಕೈ ಹುಬ್ಬಿನ ಕಡೆ ಹೋದರೆ ಸಾಕು, ಆ ಮಕ್ಕಳು ಖೋ ಎನ್ನುವ ಕೂಗನ್ನು ಬಾಯೊಳಗೇ ನುಂಗಿಕೊಳ್ಳುತ್ತಿದ್ದರು. ನಾನು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದು ತಂಡಕ್ಕೆ ತಂಡವೇ ನನ್ನ ತಲೆಯ ಸುತ್ತ ತುದಿಗಾಲಲ್ಲಿ ಓಡಾಡುತ್ತಿತ್ತು.

ಆ ಆಟ ಸೋತೆವು. ಅಟ್ಟುವುದರಲ್ಲಿ, ಓಡುವುದರಲ್ಲಿ ನಾವೇ ಮೇಲು, ಫೌಲಿನಲ್ಲಿ ಸೋತೆವು. ನನಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು. ಹುಡುಗಿಯರ ಮೇಲಲ್ಲ, ಅಂಪೈರ್ ಮೇಲೂ ಅಲ್ಲ. ಎಡಹುಬ್ಬಿನ ಹಿಂದೆ ಬಾಡಿಗೆ ಕೊಡದೆ ಕೂತಿರುವ ಆ ನೋವಿನ ಮೇಲೆ. ನನ್ನನ್ನು ತಿಂದದ್ದು ಸಾಲದೆ ಮಕ್ಕಳ ಬಾಯಿಗೂ ಕೈ ಹಾಕಿತ್ತಲ್ಲ!

ಎರಡು ದಿನ ಬಿಟ್ಟು ಹೆಡ್ ಮಾಸ್ಟರ್ ಕರೆದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. "ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮ ಆರೋಗ್ಯ ನೋಡ್ಕೊಳಿ. ಜೂನ್‌ನಿಂದ ಲೈಬ್ರರಿ, ಬಿಸಿಯೂಟ ಎರಡೂ ನೀವು ತಗೊಳಿ, ನೆರಳಲ್ಲಿ ಇರ್ತೀರಿ. ಗಣಿತದ ಮೇಷ್ಟ್ರಿಗೆ ಆಟದ ಹುಚ್ಚಿದೆ, ಮೈದಾನ ಅವರು ನೋಡ್ಕೋತಾರೆ."

ಮೈದಾನ ಬಿಟ್ಟು ಅಕ್ಕಿ ಬೇಳೆ ಅಳೆಯುತ್ತ ಕೂರುವುದು! ಹದಿನಾರು ವರ್ಷಕ್ಕೆ ಕಾಲೇಜು ತಂಡದಲ್ಲಿ ಓಡಿದವಳು ನಾನು. "ಮುಂದಿನ ತಾಲ್ಲೂಕು ಆಟ ಮುಗಿಯೋ ತನಕ ಬಿಡಿ ಸಾರ್. ಆಗ್ಲೂ ಹಿಂಗೇ ಆದ್ರೆ ಈ ವಿಷಲ್ ನಾನೇ ತಂದು ನಿಮ್ಮ ಟೇಬಲ್ ಮೇಲೆ ಇಡ್ತೀನಿ" ಎಂದುಬಿಟ್ಟೆ. ಅವರು ಒಪ್ಪಿದರು. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಎನ್ನುತ್ತಾರೆ. ನನ್ನ ತಲೆ ಗಟ್ಟಿಯೂ ಇರಲಿಲ್ಲ. ಆದರೂ ಹಾಯ್ದೆ.

ನರಸೀಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, "ಪ್ರಕೃತಿ ಚಿಕಿತ್ಸೆ, ಯೋಗ, ಆಕ್ಯುಪಂಕ್ಚರ್" ಎಂಬ ಬೋರ್ಡು ಇತ್ತು. ಬಸ್ಸಿನ ಕಿಟಕಿಯಿಂದ ಅದನ್ನು ದಿನಾ ನೋಡುತ್ತಿದ್ದೆ. ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು, "ನಿನ್ನ ತಲೆಗೆ ಪಂಕ್ಚರ್ ಹಾಕಿಸ್ಕೋ" ಎಂದು ಆಗಾಗ ರೇಗಿಸುವುದಿತ್ತು. ಈಗ ಮೈಸೂರಿನ ಡಾಕ್ಟರರನ್ನೇ ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, "ಸಂಶೋಧನೆ ಆಗಿದೆ. ಕೆಲವರಿಗೆ ತಲೆನೋವು ಬರೋ ಸಲ ಕಡಿಮೆ ಆಗತ್ತೆ. ಓದಿದ ಡಾಕ್ಟ್ರಾ, ಪ್ರತಿ ಸಲ ಹೊಸ ಸೂಜಿ ಪ್ಯಾಕೆಟ್ ಒಡೀತಾರಾ, ಇವೆರಡು ನೋಡಿ. ನಿಮ್ಮ ಮಾತ್ರೆ ಬ್ಯಾಗಲ್ಲೇ ಇರ್ಲಿ. ಪೂರ್ತಿ ವಾಸಿ ಮಾಡ್ತೀವಿ ಅಂದ್ರೆ ಮಾತ್ರ ಎದ್ದು ಬಂದ್ಬಿಡಿ" ಎಂದರು.

ಮಹಡಿಯ ಡಾಕ್ಟರ್ ನನಗಿಂತ ಬಹಳ ಚಿಕ್ಕವಳು. ನಮ್ಮ ಕಾಲೇಜು ತಂಡದಲ್ಲಿದ್ದರೆ ಅವಳನ್ನು ರಿಸರ್ವಿನಲ್ಲಿ ಕೂರಿಸುತ್ತಿದ್ದರೇನೋ. ಆದರೆ ಮಾತು ನೇರ. ನನ್ನ ಕಥೆಯನ್ನೆಲ್ಲ ಕೇಳಿ, ಊಟ ನಿದ್ದೆ ಮುಟ್ಟು ಎಲ್ಲವನ್ನೂ ವಿಚಾರಿಸಿ, "ಬಂದ ನೋವನ್ನ ಓಡಿಸೋಕಲ್ಲ ಇದು, ಬರೋದನ್ನ ಕಡಿಮೆ ಮಾಡೋಕೆ. ಎಲ್ರಿಗೂ ಕೆಲಸ ಮಾಡಲ್ಲ. ನಿಮಗೆ ಮಾಡತ್ತೋ ಇಲ್ವೋ ಈಗ್ಲೇ ಗೊತ್ತಾಗಲ್ಲ. ಒಂದೆರಡು ತಿಂಗಳು ಬಿಡದೆ ಬರ್ಬೇಕು" ಎಂದಳು. ವಾಸಿ ಎನ್ನುವ ಮಾತು ಬಾಯಿಂದ ಬರಲಿಲ್ಲ. ನಾನು ಎದ್ದು ಬರಲಿಲ್ಲ.

ಕೂದಲೆಳೆಯಂಥ ಸೂಜಿಗಳು. ಹುಬ್ಬಿನ ನಡುವೆ, ಕತ್ತಿನ ಹಿಂದೆ, ಹೆಬ್ಬೆರಳು ತೋರುಬೆರಳಿನ ಸಂದಿನಲ್ಲಿ, ಪಾದದ ಮೇಲೆ. ತಲೆನೋವಿಗೆ ಕಾಲಿಗೇಕೆ ಚುಚ್ಚುತ್ತೀಯಮ್ಮಾ ಎಂದು ಕೇಳಬೇಕೆನಿಸಿತು. ಅಷ್ಟೇನೂ ನೋಯಲಿಲ್ಲ, ಜುಮ್ ಎಂದು ಭಾರವಾಯಿತು. ಕಷ್ಟವಾದದ್ದು ಸೂಜಿಯಲ್ಲ, ಅಲ್ಲಾಡದೆ ಮಲಗುವುದು. ಬೆನ್ನ ಹಿಂದಿನಿಂದ ಖೋ ಬರುವವರೆಗೆ ಏಳಬಾರದ ಹುಡುಗಿಯ ಹಾಗೆ ಬಿದ್ದುಕೊಂಡಿದ್ದೆ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ, ಕಾಯಿಲೆ ಇಲ್ಲದೆ, ಯಾರೂ ಕರೆಯದೆ ಅರ್ಧ ಗಂಟೆ ಸುಮ್ಮನೆ ಮಲಗಿದ್ದು ನನಗೆ ನೆನಪಿಲ್ಲ. ಏಳುವಾಗ ಕಣ್ಣಲ್ಲಿ ನೀರಿತ್ತು, ಯಾಕೆಂದು ಕೇಳಿದರೆ ಹೇಳಲಾರೆ.

ಅಷ್ಟಾದರೂ ಮನೆಗೆ ಹೋಗುವ ಬಸ್ಸಿನಲ್ಲೇ ತಲೆನೋವು ಬಂತು, ಹಿಂದೆಂದೂ ಬರದ ಹಾಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ!

ಮನೆಯಲ್ಲಿ ಇನ್ನೊಂದು ರಾಮಾಯಣ. ಶಾಲೆ ಬಿಟ್ಟ ಮೇಲೆ ತಾನೇ ನಾನು ಡಾಕ್ಟರ ಹತ್ತಿರ ಹೋಗುವುದು, ಮನೆ ಸೇರುವಾಗ ಹೊತ್ತು ಮುಳುಗಿರುತ್ತದೆ. ಅತ್ತೆಗೆ ಸೂಜಿಯ ವಿಷಯ ತಿಳಿಯಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಸೂಜಿ ಕೊಡುವುದಿಲ್ಲ, ತರುವುದಿಲ್ಲ. ಅಂಗಡಿಯವರು ಕೂಡ ನಾಳೆ ಬಾ ಎನ್ನುತ್ತಾರೆ. ಸೂಜಿ ಹೋದರೆ ಲಕ್ಷ್ಮಿಯೂ ಹೋಗುತ್ತಾಳಂತೆ.

"ದೀಪ ಅಚ್ಚೋ ಒತ್ನಲ್ಲಿ ಮೈಗೆಲ್ಲಾ ಸೂಜಿ ಚುಚ್ಚುಸ್ಕಂಡು ಬತ್ತಿಯಲ್ಲವ್ವ! ಅದ್ಕೇ ಕಣವ್ವ ಜಾಸ್ತಿ ಆಗಿರದು!" ಎಂದು ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು.

"ಶನಿವಾರ ಬಿಟ್ರೆ ಹಗಲಲ್ಲಿ ಹೋಗೋಕಾಗಲ್ಲ ಅತ್ತೆ. ಹೋಗ್ಲೋ, ಬಿಡ್ಲೋ?" ಎಂದೆ. ನಿಜಕ್ಕೂ ಬಿಡಬೇಕೆಂದಿದ್ದೆ. ಅವರು ಬಿಡು ಎಂದಿದ್ದರೆ ಅವರ ಮೇಲೆ ಹಾಕಿ ಬಿಟ್ಟೇಬಿಡುತ್ತಿದ್ದೆ.

ಅತ್ತೆ ಬಹಳ ಹೊತ್ತು ಎಲೆ ಅಡಿಕೆ ಅಗಿದರು. ಆಮೇಲೆ ತೀರ್ಪು ಕೊಟ್ಟರು. "ನೀ ಓಗು ಮಗ. ನಮ್ಮನೇಲಿ ದೀಪ ಅಚ್ದೆ ಸಂಜೆ ಎಂಗಾದದು? ನೀ ಬರೋಗಂಟ ನಾ ಅಚ್ಚಕಿಲ್ಲ."

ಅವರು ಹಾಗೆಯೇ ಮಾಡಿದರು. ನಾನು ಡಾಕ್ಟರ ಹತ್ತಿರ ಹೋಗುವ ದಿನ ನಮ್ಮ ಮನೆಯಲ್ಲಿ ದೇವರ ದೀಪವೂ ಇಲ್ಲ, ಕರೆಂಟಿನ ದೀಪವೂ ಇಲ್ಲ. ಯಜಮಾನರು ಬ್ಯಾಂಕಿನಿಂದ ಬಂದು ಹೊಸ್ತಿಲು ಎಡವಿ, "ಏನಮ್ಮಾ ಇದು, ಬಿಲ್ ಕಟ್ಟಿಲ್ವಾ?" ಎಂದು ಕೂಗಿದರೆ, ಕತ್ತಲಿಂದ ಅತ್ತೆ, "ಸುಮ್ಕಿರ್ಲಾ, ಇನ್ನೂ ಸಂಜೆ ಆಗಿಲ್ಲ" ಎನ್ನುತ್ತಿದ್ದರು. ಪಕ್ಕದ ಮನೆಯವರು ಏನಂದುಕೊಂಡರೋ ದೇವರೇ ಬಲ್ಲ. ನಾನು ಬೀದಿಯ ತಿರುವಿಗೆ ಬಂದರೆ ಎಲ್ಲರ ಮನೆಯಲ್ಲೂ ಬೆಳಕು, ನಮ್ಮದೊಂದೇ ಮನೆ ಕಪ್ಪಗೆ ಕೂತಿರುತ್ತಿತ್ತು. ನಾನು ಕಾಲು ತೊಳೆದು ಒಳಗೆ ಬಂದ ಮೇಲೆಯೇ ಬೆಂಕಿಕಡ್ಡಿ ಗೀರುವ ಸದ್ದು. ಅತ್ತೆ ಅಷ್ಟು ಮಾಡುವಾಗ ನಾನು ನಡುವೆ ಬಿಡುವ ಹಾಗೇ ಇರಲಿಲ್ಲ.

ಗುಣ ಯಾವಾಗ ಕಂಡಿತು ಎಂದು ಕೇಳಿದರೆ ಇಂಥ ದಿನ ಎಂದು ತೋರಿಸಲಾರೆ. ನೋವು ಬಂದದ್ದು ಗೊತ್ತಾಗುತ್ತದೆ, ಬರದೇ ಇದ್ದದ್ದು ತಟ್ಟನೆ ಗೊತ್ತಾಗುವುದಿಲ್ಲ. ಒಂದು ದಿನ ಬಸ್ಸಿನಲ್ಲಿ ಬಾಚಣಿಗೆಗಾಗಿ ಬ್ಯಾಗು ತಡಕಿದಾಗ ಮಾತ್ರೆಯ ಪಟ್ಟಿ ಕೈಗೆ ಬಂತು. ಬ್ಯಾಗಿನಲ್ಲಿ ಉಜ್ಜಿ ಉಜ್ಜಿ ಅದರ ಮೇಲಿನ ಅಕ್ಷರ ಅಳಿಸಿಹೋಗಿತ್ತು, ಮಾತ್ರೆಗಳು ಮಾತ್ರ ಇನ್ನೂ ಒಳಗಿದ್ದವು. ಹಿಂದೆ ನನ್ನ ಬ್ಯಾಗಿನಲ್ಲಿ ಒಂದು ಪಟ್ಟಿ ಹಳೆಯದಾಗುವಷ್ಟು ಉಳಿಯುತ್ತಲೇ ಇರಲಿಲ್ಲ. ನನಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ಬೇಸಿಗೆಯಲ್ಲಿ ಒಂದು ಬೀಗರೂಟದಲ್ಲಿ ಮತ್ತೆ ಜೋರಾಗಿ ಬಂತು. ಹಸಿವು, ಬಿಸಿಲು, ಮೈಕ್ ಸೆಟ್ಟು, ಮೂರೂ ಸೇರಿದ್ದವು. ಎಲ್ಲಾ ಸುಳ್ಳು, ಎಲ್ಲಾ ದಂಡ ಎಂದು ಆ ಸಿಟ್ಟಿನಲ್ಲೇ ಡಾಕ್ಟರ ಹತ್ತಿರ ಹೋಗಿ ಕೂಗಾಡಿದೆ. ಅವಳು ಕೇಳಿಸಿಕೊಂಡು, "ಹೋದ ಬೇಸಿಗೇಲಿ ಎಷ್ಟು ಸಲ ಬಂದಿತ್ತು ಮೇಡಂ?" ಎಂದಳು. ಹೋದ ಬೇಸಿಗೆಯನ್ನು ನಾನು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕಳೆದಿದ್ದೆ.

"ಇದೆಲ್ಲ ಬರೀ ನಂಬಿಕೆ ಕಣೆ" ಎನ್ನುವುದು ಯಜಮಾನರ ವಾದ. ಆ ಮಾತನ್ನೂ ಡಾಕ್ಟರಿಗೇ ಒಪ್ಪಿಸಿದೆ. ಅವಳು ಕೋಪಿಸಿಕೊಳ್ಳಲಿಲ್ಲ. "ಅದೂ ಸ್ವಲ್ಪ ಇರಬಹುದು. ಬೇರೆ ಜಾಗಕ್ಕೆ ಸುಮ್ನೆ ಚುಚ್ಚಿದ್ರೂ ಕೆಲವರಿಗೆ ಕಡಿಮೆ ಆಗತ್ತೆ. ಸೂಜಿದು ಎಷ್ಟು, ನೀವು ಹೊತ್ತಿಗೆ ಸರಿಯಾಗಿ ಉಂಡು ಮಲಗಿದ್ದು ಎಷ್ಟು, ಇಲ್ಲಿ ಅರ್ಧ ಗಂಟೆ ತೆಪ್ಪಗೆ ಬಿದ್ಕೊಂಡಿದ್ದು ಎಷ್ಟು, ನಾನು ಬಿಡಿಸಿ ಹೇಳಲಾರೆ" ಎಂದಳು. ನಾನು ಆಟದವಳು. ಗೆದ್ದ ಮೇಲೆ ಯಾರ ಕಾಲಿನಿಂದ ಎಷ್ಟು ಪಾಯಿಂಟು ಎಂದು ಪಾಲು ಮಾಡುವವರನ್ನು ಕಂಡರೆ ನನಗಾಗದು. ಡಾಕ್ಟರ ಸೂಜಿಗೂ ಅತ್ತೆಯ ಕತ್ತಲಿಗೂ ಒಟ್ಟಿಗೇ ಕೈ ಮುಗಿದೆ.

ಜೂನ್ ಬಂತು. ತಲೆ ತಕ್ಕಮಟ್ಟಿಗೆ ದಾರಿಗೆ ಬಂದಿತ್ತು, ಹುಡುಗಿಯರ ಗಂಟಲು ಬಂದಿರಲಿಲ್ಲ. ಕೂಗಿ ಎಂದರೆ ಕೂಗುತ್ತಾರೆ, ಆಟ ಶುರುವಾದ ಕೂಡಲೇ ಮತ್ತೆ ಪಿಸಪಿಸ. ಕಣ್ಣು ನನ್ನ ಹುಬ್ಬಿನ ಮೇಲೆ. ಕೈ ತಪ್ಪಿಯೂ ಮೇಲೆ ಹೋಗದಿರಲಿ ಎಂದು ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿತೆ. ಹೊಸದಾಗಿ ಬಂದ ಎಂಟನೇ ಕ್ಲಾಸಿನವರು ಇದು ಪಿ.ಟಿ. ಮಿಸ್ ಗತ್ತು ಎಂದುಕೊಂಡರು.

ಅದರಿಂದಲೂ ಆಗದಿದ್ದಾಗ ತಂಡವನ್ನು ನಾಲೆಯ ಏರಿಗೆ ಕರೆದುಕೊಂಡು ಹೋದೆ. ಆಗತಾನೇ ನೀರು ಬಿಟ್ಟಿದ್ದರು, ತೂಬಿನ ಹತ್ತಿರ ಭೋರೆನ್ನುತ್ತಿತ್ತು. ಅರ್ಧ ಜನರನ್ನು ಈ ದಡದಲ್ಲಿ ನಿಲ್ಲಿಸಿದೆ, ಅರ್ಧ ಜನರನ್ನು ಸೇತುವೆ ದಾಟಿಸಿ ಆ ದಡದಲ್ಲಿ ಬೆನ್ನು ಮಾಡಿ ಕೂರಿಸಿದೆ. ಇಲ್ಲಿಂದ ಖೋ ಎನ್ನಬೇಕು, ಅಲ್ಲಿ ಕೇಳಿಸಿದವಳು ಮಾತ್ರ ಏಳಬೇಕು. ಮೊದಲ ಸಲ ಯಾರೂ ಏಳಲಿಲ್ಲ. ಎರಡನೇ ಸಲವೂ ಇಲ್ಲ. ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, "ಯಾಕ್ರವ್ವಾ, ಯಾರಾರೂ ನೀರ್ಗೆ ಬಿದ್ರಾ?" ಎಂದಳು.

"ಇಲ್ಲ ಕಣಮ್ಮ, ಇವ್ರಿಗೆ ಕೂಗೋಕ್ ಬರಲ್ಲ, ಕಲಿಸ್ತಿದೀನಿ" ಎಂದೆ.

"ಅಯ್ಯೋ, ಎಣ್ಮಕ್ಳಿಗೆ ಕೂಗೋದ್ ಕಲುಸ್ಬೇಕಾ!" ಎಂದು ಅವಳು ಕೆಸರಿನ ಕೈಯನ್ನು ಬಾಯಿಯ ಹತ್ತಿರ ಹಿಡಿದು, "ಖೋ...!" ಎಂದು ಒಂದು ಕೂಗು ಹಾಕಿದಳು. ಆ ದಡದಲ್ಲಿದ್ದ ನಾಲ್ವರೂ ದಡಬಡ ಎದ್ದುಬಿಟ್ಟರು. ಗದ್ದೆಯಲ್ಲಿದ್ದವರೆಲ್ಲ ನಕ್ಕರು. ಹುಡುಗಿಯರಿಗೆ ರೋಷ ಬಂತು. ಆಮೇಲೆ ಈ ದಡದಿಂದ ಖೋ, ಗದ್ದೆಯಿಂದ ಖೋ, ಆ ದಡದಿಂದ ಖೋ. ನಾನು ನಡುವೆ ಸೇತುವೆಯ ಮೇಲೆ, ಬೆನ್ನ ಹಿಂದೆ ಕೈ ಕಟ್ಟಿ, ಬಿಸಿಲಲ್ಲಿ ನಿಂತಿದ್ದೆ. ಎಡಗಣ್ಣಿನ ಅಂಚನ್ನು ಕಾಯುತ್ತಿದ್ದೆ. ಏನೂ ಕಾಣಲಿಲ್ಲ, ನೀರು ಹರಿಯುತ್ತಿದ್ದದ್ದು ಮಾತ್ರ ಕಂಡಿತು. ಅವತ್ತು ನಾನು ಪಟ್ಟ ಸಂತೋಷವನ್ನು ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ. ಯಜಮಾನರು ಓದಿದರೆ ಓದಿಕೊಳ್ಳಲಿ.

ತಾಲ್ಲೂಕು ಆಟದ ದಿನ ಬಂತು. ಅದೇ ನರಸೀಪುರ, ಹೋದ ವರ್ಷ ನಮ್ಮನ್ನು ಸೋಲಿಸಿದ್ದ ಅದೇ ಶಾಲೆ ಫೈನಲ್ಲಿನಲ್ಲಿ, ಅದೇ ಅಂಪೈರ್. ಹೆಡ್ ಮಾಸ್ಟರು ತಾವೇ ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಆಟ ನೋಡುವುದಕ್ಕೋ ನನ್ನನ್ನು ನೋಡುವುದಕ್ಕೋ ಗೊತ್ತಾಗಲಿಲ್ಲ. ಕ್ಯಾಪ್ಟನ್ ಈಗ ಹತ್ತನೇ ಕ್ಲಾಸು. ಅವಳಿಗೆ ಇದೇ ಕೊನೆಯ ವರ್ಷ, ನನಗೂ ಇರಬಹುದಿತ್ತು.

ನಮ್ಮವರು ಅಟ್ಟಲು ಎದ್ದರು. ಮೊದಲ ಖೋ ಬಂದಾಗ ಅಂಪೈರ್ ಬೆಚ್ಚಿದ್ದನ್ನು ನಾನು ಕಣ್ಣಾರೆ ನೋಡಿದೆ. ಮೈದಾನದ ಆಚೆ ಕಬ್ಬಿನ ಹಾಲು ಮಾರುತ್ತಿದ್ದವನೂ ತಿರುಗಿ ನೋಡಿದ. ಖೋ, ಖೋ, ಖೋ. ಒಂದೂ ಫೌಲಿಲ್ಲ. ಎದುರಿನವರು ಒಬ್ಬೊಬ್ಬರಾಗಿ ಔಟಾಗುತ್ತ ಬಂದರು. ಆದರೂ ಅವರು ಗಟ್ಟಿಗರು. ನಮ್ಮವರು ಅಟ್ಟುವ ಕೊನೆಯ ಸರದಿಗೆ ಬರುವ ಹೊತ್ತಿಗೆ ಗೆಲ್ಲಲು ಇನ್ನೂ ಹಲವು ಔಟು ಬೇಕಿತ್ತು.

ಆಗ ಬಂತು. ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲು.

ಹಿಂದಾಗಿದ್ದರೆ ಎದೆ ಒಡೆದುಹೋಗುತ್ತಿತ್ತು. ಈಗ ಹೆದರಿಕೆಗಿಂತ ಮೊದಲು ಸಿಟ್ಟೇ ಬಂತು. ಇವತ್ತೇ ಬರಬೇಕಾಗಿತ್ತಾ ನೀನು? ಬರುವವಳು ಬಾ, ನೋಡಿಯೇ ಬಿಡೋಣ ಎಂದುಕೊಂಡೆ. ಮೈಸೂರಿನ ಡಾಕ್ಟರರು ಹೇಳಿದ್ದ ಹಾಗೆ ತಡ ಮಾಡದೆ, ಸ್ಕೋರ್ ಬರೆಯುವ ಮೇಜಿನ ಹಿಂದೆ ಮೈದಾನಕ್ಕೆ ಬೆನ್ನು ಮಾಡಿ ಮಾತ್ರೆ ನುಂಗಿದೆ. ತಿರುಗಿದರೆ, ಕ್ಯಾಪ್ಟನ್ ತನ್ನ ಚೌಕದಲ್ಲಿ ಕೂತವಳು ನನ್ನನ್ನೇ ನೋಡುತ್ತಿದ್ದಳು. ನೀರಿನ ಬಾಟಲು ಇನ್ನೂ ನನ್ನ ಕೈಯಲ್ಲಿತ್ತು. ಅವಳಿಗೆ ಎಲ್ಲ ಗೊತ್ತಾಯಿತು. ನಾನು ಬಾಟಲು ಕೆಳಗಿಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅವಳ ಬೆನ್ನ ಮೇಲೆ ಕೈ ಬಿತ್ತು, ಎದ್ದಳು, ಓಡಿದಳು. ಮುಂದಿನವಳ ಬೆನ್ನಿನ ಕಡೆ ಕೈ ಚಾಚಿದಳು. ಈ ಹುಡುಗಿ ನನ್ನ ಮೇಲಿನ ಕರುಣೆಗೆ ಬಾಯಿ ಮುಚ್ಚಿಕೊಂಡರೆ ಮುಗಿಯಿತು.

ಅವಳು ಕೂಗಿದಳು. ನಾಲೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದಳು. ಅವಳ ಹಿಂದೆ ಎಲ್ಲರೂ ಕೂಗಿದರು. ನನ್ನ ಕಣ್ಣ ಮುಂದೆ ಅರ್ಧ ಮೈದಾನ ಬೆಳಕಿನಲ್ಲಿ ಕರಗಿಹೋಗಿತ್ತು, ಕಂಬದ ಹತ್ತಿರ ಏನಾಗುತ್ತಿದೆ ಎಂದು ಕಾಣುತ್ತಲೇ ಇರಲಿಲ್ಲ. ಕಿವಿಯಿಂದಲೇ ಆಟ ನೋಡಿದೆ. ಖೋ ಯಾವ ಕಡೆಯಿಂದ ಯಾವ ಕಡೆಗೆ ಓಡುತ್ತಿದೆ ಎಂದು ತಿಳಿಯುತ್ತಿತ್ತು, ಅಷ್ಟು ಸಾಕಾಗಿತ್ತು. ಆಮೇಲೆ ಉದ್ದನೆಯ ವಿಷಲ್, ಶಾಮಿಯಾನದ ಕಡೆಯಿಂದ ಚಪ್ಪಾಳೆ. ಹೆಡ್ ಮಾಸ್ಟರು ಕುರ್ಚಿ ಬೀಳಿಸಿಕೊಂಡು ಎದ್ದಿದ್ದರು.

ನೋವೂ ಬಂದಿತ್ತು. ಸುಳ್ಳೇಕೆ ಹೇಳಲಿ? ಆದರೆ ಹಿಂದಿನ ಆ ರಾಕ್ಷಸಿ ಅಲ್ಲ, ಅವಳ ತಂಗಿ ಇರಬೇಕು. ಮೂಲೆಯಲ್ಲಿ ಕೂತು ಗೊಣಗುತ್ತಿದ್ದಳು. ವಾಂತಿಯಿಲ್ಲ, ಕಾಲು ಗಟ್ಟಿಯಾಗಿ ನೆಲದ ಮೇಲಿತ್ತು. ಸಾಮಾನಿನ ಕೋಣೆ ಬೇಕೆನಿಸಲಿಲ್ಲ. ಹೆಡ್ ಮಾಸ್ಟರು ಹತ್ತಿರ ಬಂದು, "ಮೇಡಂ, ಜಿಲ್ಲಾ ಮಟ್ಟಕ್ಕೆ ಬಸ್ಸು ನೀವೇ ಮಾತಾಡ್ತೀರಾ, ನಾನು ಮಾತಾಡ್ಲಾ?" ಎಂದರು. ಲೈಬ್ರರಿಯ ಮಾತು ಎತ್ತಲಿಲ್ಲ, ಮುಂದೆಂದೂ ಎತ್ತಲೂ ಇಲ್ಲ.

ಹುಡುಗಿಯರು ಕೆಮ್ಮಣ್ಣಿನ ಮೈಯಲ್ಲೇ ನನ್ನ ಕಡೆ ಓಡಿ ಬಂದರು. ಇನ್ನೇನು ಮೈಮೇಲೆ ಬಿದ್ದರು ಎನ್ನುವಷ್ಟರಲ್ಲಿ ಕ್ಯಾಪ್ಟನ್ ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದಳು. ಎಲ್ಲರೂ ಗಪ್‌ಚಿಪ್. ಅವಳು ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವ ಹಾಗೆ ಪಿಸುಗುಟ್ಟಿದಳು, "ಗೆದ್ವು ಮಿಸ್."

"ಏನಂದೆ? ಕೇಳಿಸ್ಲಿಲ್ಲ."

"ಗೆದ್ವು ಮಿಸ್" ಎಂದಳು, ಸ್ವಲ್ಪ ಜೋರಾಗಿ, ನನ್ನ ಎಡಹುಬ್ಬನ್ನು ನೋಡುತ್ತ.

"ಕೇಳಿಸ್ಲಿಲ್ಲ ಅಂದೆ!"

ಅವಳು ಹಿಂದೆ ತಿರುಗಿ ಉಳಿದವರನ್ನು ನೋಡಿದಳು. ಆಮೇಲೆ ಅಷ್ಟೂ ಜನ ಒಟ್ಟಿಗೆ, ನನ್ನ ಎಡಕಿವಿಯ ಪಕ್ಕದಲ್ಲೇ, ಎದೆ ಬಿರಿಯುವ ಹಾಗೆ ಕೂಗಿದರು, "ಗೆದ್ವು ಮಿಸ್!"

ನೋವಾಯಿತು. ಇನ್ನೊಂದು ಸಲ ಹೇಳಿ ಎಂದೆ.